ಪಾಷಂಡವೆಂಬ ಮಾತು: ಕಥೋಲಿಕ ಧರ್ಮಸಭೆಯ ಎಣಿಕೆ ಮತ್ತು ಬ್ರಹ್ಮಾವರದ ಪ್ರಕರಣ

ಕ್ರೈಸ್ತಮತದ ಇತಿಹಾಸವನ್ನು ಕನ್ನಡದಲ್ಲಿ ನಿರೂಪಿಸುವವರು 'ಪಾಷಂಡ' ಎಂಬ ಶಬ್ದವನ್ನು ಧಾರಾಳವಾಗಿ ಬಳಸುವುದುಂಟು. ಏರಿಯಸನು ಪಾಷಂಡಿ, ನೆಸ್ಟೋರಿಯಸನು ಪಾಷಂಡಿ, ಲೂಥರನೂ ಪಾಷಂಡಿ. ರೋಮಿನ ಪೋಪರಿಗೆ ಅಧೀನರಾಗದವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಥೋಲಿಕ ಧರ್ಮಸಭೆಯ ಶಾಸ್ತ್ರಗ್ರಂಥಗಳನ್ನು ಪರಿಶೀಲಿಸಿದರೆ ಈ ಎಣಿಕೆ ಅಷ್ಟು ಸುಲಭದ್ದಲ್ಲವೆಂಬುದು ಕಂಡುಬರುತ್ತದೆ. ಅವರಲ್ಲಿ ತಪ್ಪು ನಂಬುವುದು ಬೇರೆ, ಬೇರ್ಪಟ್ಟು ಹೋಗುವುದು ಬೇರೆ. ಈ ಎರಡನ್ನು ಬೆರೆಸಿದಾಗ ಏನಾಗುತ್ತದೆಂಬುದಕ್ಕೆ ದೂರದ ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಬ್ರಹ್ಮಾವರದಲ್ಲಿಯೇ ಅದಕ್ಕೆ ನಿದರ್ಶನವಿದೆ. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಪಾಷಂಡ ಎಂಬುದು ಹುಟ್ಟಿನಿಂದ ಬೈಗುಳಲ್ಲ. ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಒಂದು ಶಿಲೆಯ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಒಂದು. ಸರ್ವ ಪಾಷಂಡಗಳನ್ನೂ ಗೌರವಿಸಬೇಕು, ತನ್ನ ಪಾಷಂಡವನ್ನು ಹೊಗಳಿ ಪರಪಾಷಂಡವನ್ನು ತೆಗಳಬಾರದು ಎಂಬುದು ಆ ಶಾಸನದ ತಾತ್ಪರ್ಯ. ಅಲ್ಲಿ ಪಾಷಂಡವೆಂದರೆ ಮತಪಂಥ, ಸಮಯ ಎಂದಷ್ಟೇ ಅರ್ಥ. ಅದು ವೇದಬಾಹ್ಯನನ್ನು, ಕಪಟಿಯನ್ನು ಸೂಚಿಸತೊಡಗಿದ್ದು ಅನಂತರ. ಗ್ರೀಕ್ ಭಾಷೆಯ 'ಹೈರೆಸಿಸ್' ಎಂಬ ಶಬ್ದಕ್ಕೂ ಇದೇ ಗತಿಯಾಯಿತು. ಆಯ್ದುಕೊಳ್ಳುವಿಕೆ ಎಂಬುದು ಅದರ ಮೂಲಾರ್ಥ. ತತ್ತ್ವಜ್ಞಾನಿಗಳ ಪಂಥಕ್ಕೆ, ಯೆಹೂದ್ಯರೊಳಗಿನ ಪರಿಸಾಯ, ಸದ್ದುಕಾಯ ಪಂಗಡಗಳಿಗೆ ಆ ಹೆಸರಿತ್ತು. ಕ್ರೈಸ್ತರ ಬಾಯಲ್ಲಿ ಅದು ಕ್ರಮೇಣ, ಸಮಗ್ರ ಸತ್ಯದಲ್ಲಿ ತನಗೆ ಬೇಕಾದ ತುಣುಕನ್ನು ಆಯ್ದುಕೊಂಡು ಉಳಿದುದನ್ನು ಬಿಡುವವನ ದೋಷಕ್ಕೆ ಹೆಸರಾಯಿತು. ಎರಡು ಬೇರೆ ಬೇರೆ ದೇಶಗಳಲ್ಲಿ ಪಂಥವಾಚಕವಾದ ಎರಡು ಶಬ್ದಗಳು ನಿಂದಾವಾಚಕಗಳಾದುದು, ಕಡೆಗೆ ಕನ್ನಡದಲ್ಲಿ ಒಂದು ಮತ್ತೊಂದರ ಅನುವಾದವಾಗಿ ಕುಳಿತದ್ದು, ಭಾಷಾಭ್ಯಾಸಿಗಳು ಗಮನಿಸತಕ್ಕ ವಿಷಯ.

ಗದಗ-ಬೆಟಗೇರಿಯ ಸುತ್ತಿನ ನಮಗೆ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಅವರು ಪ್ರೊಟೆಸ್ಟಂಟರು. ಕಥೋಲಿಕರು ಬೇರೆ. ಹಳ್ಳಿಯ ಜನ ಇಬ್ಬರನ್ನೂ ಕಿರಿಸ್ತಾನರೆಂದೇ ಕರೆದರೂ ಒಳಗಿನ ಅಂತರ ದೊಡ್ಡದು. ಕಥೋಲಿಕರಿಗೆ ರೋಮಿನ ಪೋಪರು ಸಂತ ಪೇತ್ರನ ಉತ್ತರಾಧಿಕಾರಿಗಳು. ಕನ್ನಡ ಕಥೋಲಿಕರು ತಮ್ಮ ಬರವಣಿಗೆಯಲ್ಲಿ ಅವರನ್ನು 'ಜಗದ್ಗುರು' ಎಂದು ಕರೆಯುತ್ತಾರೆಂಬುದು ಮಠಪರಂಪರೆಯ ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾಗಬಹುದು.

ಅವರ ಧರ್ಮಸಭೆಯ 1983ರ ಕಾನೂನು ಸಂಹಿತೆಯ 751ನೆಯ ವಿಧಿ ಮೂರು ದೋಷಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಸ್ನಾನದೀಕ್ಷೆ ಪಡೆದವನು ದೈವಪ್ರಕಟಿತವೆಂದು ನಂಬತಕ್ಕ ಸತ್ಯವೊಂದನ್ನು ಹಟದಿಂದ ನಿರಾಕರಿಸಿದರೆ, ಅಥವಾ ಹಟದಿಂದ ಸಂಶಯಿಸಿದರೆ, ಅದು ಪಾಷಂಡ. ಕ್ರೈಸ್ತವಿಶ್ವಾಸವನ್ನೇ ಸಂಪೂರ್ಣವಾಗಿ ತೊರೆದರೆ ಅದು ಮತತ್ಯಾಗ. ನಂಬಿಕೆಯಲ್ಲಿ ಕೊರತೆಯಿಲ್ಲದಿದ್ದರೂ ಪೋಪರ ಅಧೀನತೆಯನ್ನು ಅಥವಾ ಅವರಿಗೆ ಅಧೀನರಾದವರೊಡನೆ ಸಹಭಾಗಿತ್ವವನ್ನು ಒಲ್ಲೆನೆಂದರೆ ಅದು ವಿಚ್ಛೇದ. ಬಟ್ಟೆ ಹರಿದಂತಹ ಸೀಳು ಎಂಬುದು ಆ ಗ್ರೀಕ್ ಶಬ್ದದ ಮೂಲಾರ್ಥ. ಇಲ್ಲಿ 'ಹಟದಿಂದ' ಎಂಬ ವಿಶೇಷಣ ಮುಖ್ಯವಾದುದು. ತಂದೆತಾಯಿಗಳಿಂದ ಬಂದ ತಪ್ಪು ಅಭಿಪ್ರಾಯವನ್ನು ಮೊಂಡುತನವಿಲ್ಲದೆ ಇಟ್ಟುಕೊಂಡು, ಸತ್ಯವನ್ನು ಎಚ್ಚರದಿಂದ ಅರಸುತ್ತ, ಸಿಕ್ಕಿದಾಗ ತಿದ್ದಿಕೊಳ್ಳಲು ಸಿದ್ಧನಿರುವವನನ್ನು ಪಾಷಂಡಿಗಳಲ್ಲಿ ಎಣಿಸಬಾರದೆಂದು ಸಂತ ಅಗಸ್ಟೀನನು ಐದನೆಯ ಶತಮಾನದ ಹೊತ್ತಿಗೇ ಅಭಿಪ್ರಾಯಪಟ್ಟಿದ್ದನು. ಮುಂದಿನ ಶಾಸ್ತ್ರಕಾರರು ಇದನ್ನೇ ವಿಸ್ತರಿಸಿ, ತಪ್ಪು ಅಭಿಪ್ರಾಯವೊಂದು ಇರುವುದು ಬೇರೆ, ಅರಿತೂ ಅದಕ್ಕೆ ಅಂಟಿಕೊಳ್ಳುವ ಅಪರಾಧ ಬೇರೆ ಎಂದು ವಿಭಾಗಿಸಿದರು. ಶಾಸ್ತ್ರ ಇಷ್ಟು ಸೂಕ್ಷ್ಮವಾಗಿದ್ದರೂ ವ್ಯವಹಾರ ಯಾವಾಗಲೂ ಹಾಗಿರಲಿಲ್ಲವೆಂಬುದನ್ನು ಮುಂದೆ ನೋಡುವೆವು.

ಕಥೋಲಿಕ ಇತಿಹಾಸಕಾರರ ಒಂದು ನಿಲುವು ಇಲ್ಲಿ ಉಲ್ಲೇಖಾರ್ಹ. ಪಾಷಂಡಗಳು ತಲೆಯೆತ್ತಿದ್ದರಿಂದಲೇ ಧರ್ಮಸಭೆಯು ತನ್ನ ನಂಬಿಕೆಯನ್ನು ಸ್ಪಷ್ಟ ಮಾತುಗಳಲ್ಲಿ ಹೇಳಿಕೊಳ್ಳಬೇಕಾಯಿತೆಂದು ಅವರು ಭಾವಿಸುತ್ತಾರೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ನನು ಯೆಹೂದ್ಯರ ಹಳೆಯ ಒಡಂಬಡಿಕೆಯನ್ನೇ ತಿರಸ್ಕರಿಸಿ ತನ್ನದೇ ಗ್ರಂಥಸಮೂಹವನ್ನು ಕಟ್ಟಿದನು. ಪ್ರಮಾಣಗ್ರಂಥಗಳು ಯಾವುವೆಂಬ ವಿಚಾರವನ್ನು ಸಭೆ ಗಂಭೀರವಾಗಿ ತೆಗೆದುಕೊಳ್ಳಲು ಅದೊಂದು ಕಾರಣವಾಯಿತು. ಅಲೆಕ್ಸಾಂಡ್ರಿಯದ ಗುರು ಏರಿಯಸನು ಕ್ರಿಸ್ತನನ್ನು ದೇವರ ಪ್ರಥಮ ಹಾಗೂ ಶ್ರೇಷ್ಠ ಸೃಷ್ಟಿ ಎಂದನು; 325ರ ನೈಸೀಯ ಪರಿಷತ್ತು, ಪುತ್ರನು ಸೃಷ್ಟನಲ್ಲ, ಪಿತನೊಡನೆ ಏಕಸತ್ತ್ವನು ಎಂದು ನಿರ್ಣಯಿಸಿತು. ಏಕಸತ್ತ್ವ ಎಂಬುದಕ್ಕೂ ಸದೃಶಸತ್ತ್ವ ಎಂಬುದಕ್ಕೂ ಗ್ರೀಕಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಂದಕ್ಷರಕ್ಕಾಗಿ ಸಾಮ್ರಾಜ್ಯವೇ ಹೊಡೆದಾಡಿತೆಂದು ನಗುವವರುಂಟು. ನಗುವುದು ಸಲ್ಲ. ಷಟ್‌ಸ್ಥಲದ ಪರಿಭಾಷೆಯನ್ನು ಓದಿದವರಿಗೆ ಒಂದು ಉಪಸರ್ಗ ಎಷ್ಟು ಭಾರ ಹೊರಬಲ್ಲದೆಂಬುದು ಗೊತ್ತು.

ಮುಂದಿನ ವಿವಾದವೇ ನಮ್ಮ ವಿಷಯಕ್ಕೆ ಬುನಾದಿಯಾದುದರಿಂದ ಅದನ್ನು ತುಸು ನಿಧಾನವಾಗಿ ನೋಡಬೇಕು. ಕ್ರಿಸ್ತನು ದೇವರೂ ಹೌದು, ಮನುಷ್ಯನೂ ಹೌದು ಎಂದಮೇಲೆ ಆ ಎರಡೂ ಒಬ್ಬನಲ್ಲಿ ಹೇಗೆ ಕೂಡಿವೆ? ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ನೆಸ್ಟೋರಿಯಸನು ಮರಿಯಮ್ಮನನ್ನು 'ದೇವಮಾತೆ' ಎನ್ನಲು ಹಿಂಜರಿದು 'ಕ್ರಿಸ್ತಮಾತೆ' ಎನ್ನುವುದೇ ಯುಕ್ತವೆಂದನು. ಇದು ಕ್ರಿಸ್ತನನ್ನು ಇಬ್ಬರು ವ್ಯಕ್ತಿಗಳಾಗಿ ಒಡೆಯುತ್ತದೆಂದು ಅಲೆಕ್ಸಾಂಡ್ರಿಯದ ಸಿರಿಲನು ಆಕ್ಷೇಪಿಸಿದನು. 431ರ ಎಫೆಸದ ಪರಿಷತ್ತು ನೆಸ್ಟೋರಿಯಸನನ್ನು ಪದಚ್ಯುತಗೊಳಿಸಿತು. ಅನಂತರ ಯೂಟಿಕಿಸ್ ಎಂಬ ವೃದ್ಧ ಸಂನ್ಯಾಸಿ ವಿರುದ್ಧ ದಿಕ್ಕಿಗೆ ವಾಲಿದನು. ಸಮುದ್ರದಲ್ಲಿ ಬಿದ್ದ ಜೇನಹನಿಯಂತೆ ಕ್ರಿಸ್ತನ ಮನುಷ್ಯತ್ವವು ದೇವತ್ವದಲ್ಲಿ ಕರಗಿಹೋಯಿತೆಂಬ ಮತವನ್ನು ಅವನ ಹೆಸರಿಗೆ ಹಚ್ಚುತ್ತಾರೆ. 451ರಲ್ಲಿ ಕಾಲ್ಸಿಡಾನಿನಲ್ಲಿ ಸೇರಿದ ಪರಿಷತ್ತು, ಕ್ರಿಸ್ತನು ಒಬ್ಬನೇ ವ್ಯಕ್ತಿ, ಆದರೆ ದೇವಸ್ವಭಾವ ಮತ್ತು ಮನುಷ್ಯಸ್ವಭಾವ ಎಂಬ ಎರಡು ಸ್ವಭಾವಗಳು ಅವನಲ್ಲಿ ಬೆರೆಯದೆಯೂ ಬೇರ್ಪಡದೆಯೂ ಇವೆ ಎಂದು ಸಾರಿತು. ಲಿಂಗಾಂಗ ಸಾಮರಸ್ಯದ ಮಾತಿನಲ್ಲಿ ಪಳಗಿದ ನಮ್ಮ ವಾಚಕರು ಇಲ್ಲಿ ಎಚ್ಚರವಹಿಸಬೇಕು. ಶರಣರು ಹೇಳುವ ಸಾಮರಸ್ಯ ಪ್ರತಿಯೊಬ್ಬ ಸಾಧಕನ ಗುರಿ. ಕ್ರೈಸ್ತರ ಈ ಚರ್ಚೆ ಕ್ರಿಸ್ತನೊಬ್ಬನನ್ನೇ ಕುರಿತದ್ದು. ಹೋಲಿಕೆ ಕಂಡಿತೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಸಿರಿಯ, ಈಜಿಪ್ಟ್, ಅರ್ಮೇನಿಯ, ಇಥಿಯೋಪಿಯಗಳ ಸಭೆಗಳು ಕಾಲ್ಸಿಡಾನಿನ ಸೂತ್ರವನ್ನು ಒಪ್ಪಲಿಲ್ಲ. 'ಎರಡು ಸ್ವಭಾವ' ಎಂದರೆ ನೆಸ್ಟೋರಿಯಸನ ಒಡಕು ಹಿಂಬಾಗಿಲಿನಿಂದ ಬಂದಂತಾಯಿತೆಂದು ಅವರ ಭಯ. ದೇಹಧಾರಿಯಾದ ವಾಕ್ಯದ ಒಂದೇ ಸ್ವಭಾವ ಎಂಬುದು ಸಿರಿಲನಿಂದ ಅವರಿಗೆ ಬಂದ ನುಡಿ. ಕಾಲ್ಸಿಡಾನಿನವರು ಇವರನ್ನು ಏಕಸ್ವಭಾವವಾದಿಗಳೆಂದೂ ಯೂಟಿಕಿಸನ ಮಕ್ಕಳೆಂದೂ ಕರೆದರು. ಯೂಟಿಕಿಸನನ್ನು ಇವರೂ ಖಂಡಿಸುತ್ತಿದ್ದರೆಂಬುದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 'ಸ್ವಭಾವ' ಎಂಬ ಒಂದೇ ಶಬ್ದವನ್ನು ಒಬ್ಬರು ತತ್ತ್ವಾಂಶವೆಂಬ ಅರ್ಥದಲ್ಲಿ, ಇನ್ನೊಬ್ಬರು ಹೆಚ್ಚು ಕಡಿಮೆ ವ್ಯಕ್ತಿಯೆಂಬ ಅರ್ಥದಲ್ಲಿ ಬಳಸುತ್ತಿದ್ದರು. ಆರನೆಯ ಶತಮಾನದಲ್ಲಿ ಸಿರಿಯದ ಈ ಸಭೆಯನ್ನು ಅಲೆದಾಡಿ ಸಂಘಟಿಸಿದ ಯಾಕೋಬ್ ಬರದಾಯುಸನ ಹೆಸರಿನಿಂದ ಅವರಿಗೆ 'ಯಾಕೋಬಿತರು' ಎಂಬ ಹೆಸರೂ ಬಂದಿತು.

ಈ ಪರಿಷತ್ತುಗಳನ್ನು ಓದುವಾಗ ಶೂನ್ಯಸಂಪಾದನೆಯ ಗೋಷ್ಠಿಗಳು ನೆನಪಾಗದಿರವು. ಅಲ್ಲಿಯೂ ತೀಕ್ಷ್ಣವಾದ ವಾದವಿದೆ. ಪ್ರಭುವು ಸಿದ್ಧರಾಮನನ್ನಾಗಲಿ ಗೋರಕ್ಷನನ್ನಾಗಲಿ ಸುಮ್ಮನೆ ಬಿಡುವುದಿಲ್ಲ. ಆದರೆ ಅಲ್ಲಿ ವಾದ ನಿಲ್ಲುವುದು ಎದುರಿನವನ ಅರಿವು ತೆರೆದಾಗ. ಪರಿಷತ್ತಿನಲ್ಲಿ ವಾದ ನಿಲ್ಲುವುದು ಸೂತ್ರವೊಂದಕ್ಕೆ ಸಹಿ ಬಿದ್ದಾಗ. ಸಹಿ ಹಾಕದವನಿಗೆ ಬಹಿಷ್ಕಾರ. ಸಾಮ್ರಾಟನೇ ಸಭೆಯನ್ನು ಕರೆದು ನಿರ್ಣಯವನ್ನು ಜಾರಿಗೊಳಿಸುತ್ತಿದ್ದಾಗ ಬಹಿಷ್ಕಾರದ ಬೆನ್ನಿಗೆ ಗಡೀಪಾರೂ ಬರುತ್ತಿತ್ತು.

ಗಡೀಪಾರು ಪ್ರಾಣದಂಡನೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 385ರ ಸುಮಾರಿಗೆ ಸ್ಪೇನಿನ ಪ್ರಿಸಿಲಿಯನ್ನನನ್ನು ಸಾಮ್ರಾಟ ಮ್ಯಾಕ್ಸಿಮಸನು ಟ್ರಿಯರ್ ನಗರದಲ್ಲಿ ಕೊಲ್ಲಿಸಿದನು. ತೂರ್ಸಿನ ಸಂತ ಮಾರ್ಟಿನನೂ ಮಿಲಾನಿನ ಸಂತ ಆಂಬ್ರೋಸನೂ ಇದನ್ನು ಪ್ರತಿಭಟಿಸಿದರು. ಅಗಸ್ಟೀನನು ಮೊದಲು ಬಲಪ್ರಯೋಗವನ್ನು ಒಪ್ಪದಿದ್ದವನು, ಉತ್ತರ ಆಫ್ರಿಕದ ದೊನಾತಿಸ್ಟರ ವಿಷಯದಲ್ಲಿ ಕಡೆಗೆ ರಾಜಶಾಸನದ ಒತ್ತಾಯವನ್ನು ಸಮರ್ಥಿಸಿದನು. ಮಧ್ಯಯುಗದವರು ಅವನ ಮೊದಲ ಮಾತಿಗಿಂತ ಎರಡನೆಯ ಮಾತನ್ನು ಹೆಚ್ಚು ನೆನಪಿಟ್ಟುಕೊಂಡರು. 1209ರಲ್ಲಿ ದಕ್ಷಿಣ ಫ್ರಾನ್ಸಿನ ಕಥಾರರ ಮೇಲೆ ಧರ್ಮಯುದ್ಧ ಹೊರಟಿತು, ಬೆಜಿಯೆ ಪಟ್ಟಣದಲ್ಲಿ ಕಥೋಲಿಕರೆನ್ನದೆ ಕಥಾರರೆನ್ನದೆ ಜನ ಹತರಾದರು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯವರು ಪಾಷಂಡ ವಿಚಾರಣೆಯ ನ್ಯಾಯಪೀಠಕ್ಕೆ ವ್ಯವಸ್ಥಿತ ರೂಪ ಕೊಟ್ಟರು. 1415ರಲ್ಲಿ ಯಾನ್ ಹುಸ್‌ನನ್ನು ಕಾನ್‌ಸ್ಟನ್ಸಿನಲ್ಲಿ ಸುಟ್ಟರು. ಇವನ್ನು ಇಂದಿನ ಕಥೋಲಿಕ ಧರ್ಮಸಭೆ ಸಮರ್ಥಿಸುವುದಿಲ್ಲ. 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಹುಸ್‌ನ ಕ್ರೂರ ಮರಣಕ್ಕಾಗಿ ವಿಷಾದ ಸೂಚಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಟ್ಯೂರಿನ್ ನಗರದ ವಾಲ್ಡೆನ್ಸಿಯನ್ನರ ಮಂದಿರಕ್ಕೇ ಹೋಗಿ ಕ್ಷಮೆ ಬೇಡಿದರು. ಸಿದ್ಧಾಂತ ತಪ್ಪೆಂಬ ನಿರ್ಣಯವನ್ನು ಅವರು ಹಿಂತೆಗೆದುಕೊಂಡಿಲ್ಲ. ತಪ್ಪು ನಂಬಿದವನ ದೇಹದ ಮೇಲೆ ಕೈಮಾಡಿದ್ದು ತಪ್ಪೆಂದು ಒಪ್ಪಿದ್ದಾರೆ.

ಭಾರತದ ಪಶ್ಚಿಮ ಕರಾವಳಿಗೆ ಆ ನ್ಯಾಯಪೀಠ ಪೋರ್ಚುಗೀಸರೊಡನೆ ಬಂದಿತು. ಗೋವೆಯಲ್ಲಿ ಅದು 1560ರಿಂದ 1812ರವರೆಗೆ, 1774ರಿಂದ 1778ರ ಬಿಡುವೊಂದನ್ನುಳಿದು, ನಡೆಯಿತು. ಅಲ್ಲಿಯ ವಿಚಾರಣೆಗಳಲ್ಲಿ ಸಿದ್ಧಾಂತದ ಪ್ರಶ್ನೆಗಿಂತ ಆಚಾರದ ಪ್ರಶ್ನೆಯೇ ಹೆಚ್ಚಿನದಾಗಿತ್ತು. ಹೊಸದಾಗಿ ಕ್ರೈಸ್ತರಾದವರು ಹಳೆಯ ಮನೆಯ ರೂಢಿಗಳನ್ನು ಉಳಿಸಿಕೊಂಡಿದ್ದಾರೆಯೇ ಎಂಬುದನ್ನು ನೋಡುತ್ತಿದ್ದರು. 1736ರ ಆಜ್ಞೆಯೊಂದು ನಿಷೇಧಿಸಿದ ಸಂಗತಿಗಳಲ್ಲಿ ಅಂಗಳದ ತುಳಸಿಯೂ ಉಪ್ಪಿಲ್ಲದೆ ಅನ್ನ ಬೇಯಿಸುವ ಪದ್ಧತಿಯೂ ಸೇರಿದ್ದವು. ಉಪ್ಪಿಲ್ಲದ ಅನ್ನವನ್ನು ಏರಿಯಸನ ವಾದದ ಪಕ್ಕದಲ್ಲಿಟ್ಟರೆ ಪಾಷಂಡವೆಂಬ ಶಬ್ದ ಎಷ್ಟು ಸಡಿಲವಾಗಿ ಹೋಗಿತ್ತೆಂಬುದು ತಿಳಿಯುತ್ತದೆ. ಗೋವೆಯಿಂದ ಕನ್ನಡ ಜಿಲ್ಲೆಗಳಿಗೆ ವಲಸೆ ಬಂದ ಕೊಂಕಣಿ ಕಥೋಲಿಕರು ಹೊರಟುದಕ್ಕೆ ಬರ, ಯುದ್ಧ, ತೆರಿಗೆಗಳೊಡನೆ ಈ ಭಯವೂ ಒಂದು ಕಾರಣವೆಂದು ಹೇಳುತ್ತಾರೆ.

ಅದೇ ಗೋವೆಯ ಆರ್ಚ್‌ಬಿಷಪ್ ಅಲೆಶೋ ದೆ ಮೆನೆಜೆಸರು 1599ರಲ್ಲಿ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದು, ಅಲ್ಲಿಯ ಪುರಾತನ ತೋಮಾ ಕ್ರೈಸ್ತರ ಸಿರಿಯನ್ ಗ್ರಂಥಗಳಲ್ಲಿ ನೆಸ್ಟೋರಿಯಸನ ದೋಷವಿದೆಯೆಂದು ಅನೇಕವನ್ನು ಸುಡಿಸಿದರು. ಅಸಮಾಧಾನ ಕುದಿದು 1653ರಲ್ಲಿ ಮಟ್ಟಂಚೇರಿಯ ಕೂನನ್ ಶಿಲುಬೆಯ ಪ್ರಮಾಣವಾಯಿತು. ಬೇರ್ಪಟ್ಟ ಒಂದು ಭಾಗಕ್ಕೆ 1665ರಲ್ಲಿ ಬಂದ ಮಾರ್ ಗ್ರಿಗೋರಿಯೋಸರ ಮೂಲಕ ಸಿರಿಯದ ಯಾಕೋಬಿತ ಸಭೆಯ ನಂಟು ಬೆಳೆಯಿತು. ಇದರ ವಿಪರ್ಯಾಸವನ್ನು ಗಮನಿಸಿ. ಕ್ರಿಸ್ತನನ್ನು ಎರಡಾಗಿ ಒಡೆಯುವವರೆಂಬ ಆರೋಪ ಹೊತ್ತವರ ಮಕ್ಕಳು, ಎರಡನ್ನೂ ಕರಗಿಸಿ ಒಂದು ಮಾಡುವವರೆಂಬ ಆರೋಪ ಹೊತ್ತ ಸಭೆಯ ಆಶ್ರಯಕ್ಕೆ ಹೋದರು. ಜನ ಆಶ್ರಯಿಸಿದ್ದು ಧರ್ಮಾಧ್ಯಕ್ಷನನ್ನು. ಸೂತ್ರವು ಅವನ ಜೊತೆಗೆ ಬಂದಿತು. ಬ್ರಹ್ಮಾವರದಲ್ಲಿ ನಡೆದುದೂ ಬಹುಮಟ್ಟಿಗೆ ಇದೇ.

ಉಡುಪಿಯ ಉತ್ತರಕ್ಕೆ ಸುವರ್ಣಾ ನದಿಯ ಈಚೆ ಕಲ್ಯಾಣಪುರ, ನದಿ ದಾಟಿ ಮುಂದೆ ಬ್ರಹ್ಮಾವರ. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯ 1678ರಷ್ಟು ಹಳೆಯದು. ಈ ಪ್ರದೇಶದ ಕೊಂಕಣಿ ಕಥೋಲಿಕರು ಗೋವೆಯ ಗುರುಗಳ ಆಡಳಿತಕ್ಕೆ ಒಗ್ಗಿದವರು. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ, ದೇವಾಲಯಗಳನ್ನು ಪೋಷಿಸುವ ಹಕ್ಕು ಪೋರ್ಚುಗಲ್ ದೊರೆಗೆ ಇತ್ತು; ಅದಕ್ಕೆ 'ಪದ್ರುವಾದೋ' ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಮತಪ್ರಸಾರಕ್ಕಾಗಿ 'ಪ್ರೊಪಗಾಂಡ' ಎಂಬ ಸ್ವತಂತ್ರ ಇಲಾಖೆ ಹುಟ್ಟಿದಮೇಲೆ ಒಂದೇ ಊರಿನಲ್ಲಿ ಎರಡು ಅಧಿಕಾರಗಳಾದವು. ಒಬ್ಬರ ಗುರು ಕಟ್ಟಿದ ಮದುವೆಯನ್ನು ಇನ್ನೊಬ್ಬರು ಶಂಕಿಸುವವರೆಗೆ ಈ ಜಗಳ ಅಲ್ಲಲ್ಲಿ ಹೋಗಿತ್ತು. ಪೋಪ್ ಹದಿಮೂರನೆಯ ಲಿಯೋ ಅವರು 1886ರಲ್ಲಿ ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು ಭಾರತದ ಧರ್ಮಪ್ರಾಂತ್ಯಗಳ ಎಲ್ಲೆಗಳನ್ನು ಹೊಸದಾಗಿ ಗೊತ್ತುಪಡಿಸಿದರು. ಗೋವೆಯ ಕೈಯಲ್ಲಿದ್ದ ಅನೇಕ ದೇವಾಲಯಗಳು ಅದರ ಕೈತಪ್ಪಿದವು. ಕೆನರಾ ಭಾಗವು ಮಂಗಳೂರಿಗೆ ಸೇರಿತು. ಮಂಗಳೂರಾದರೋ 1878ರ ಕೊನೆಯಿಂದ ಇಟಲಿಯ ಯೇಸುಸಭೆಯ ಗುರುಗಳ ಆಡಳಿತದಲ್ಲಿತ್ತು.

ದೂರದ ಲಿಸ್ಬನ್ನಿನಲ್ಲಿಯೂ ರೋಮಿನಲ್ಲಿಯೂ ಸಹಿಯಾದ ಕಾಗದ ತಮ್ಮ ದೇವಾಲಯದ ಒಡೆತನವನ್ನು ಬದಲಿಸಿದ್ದು ಇಲ್ಲಿನ ಕೆಲವರಿಗೆ ಸಹನೀಯವಾಗಲಿಲ್ಲ. ತಮ್ಮ ಭಾಷೆಯ, ತಮ್ಮ ನೆಲದ ಗುರುಗಳನ್ನು ಬಿಟ್ಟು ಹೊಸ ಪರದೇಶೀಯರಿಗೆ ಅಧೀನರಾಗಬೇಕೆ ಎಂಬುದು ಅವರ ಪ್ರಶ್ನೆ. ಗೋವೆಯಲ್ಲಿ ಈ ಅಸಮಾಧಾನಕ್ಕೆ ದನಿಯಾದವರು ಫಾದರ್ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸರು. ಅವರು 1836ರಲ್ಲಿ ಗೋವೆಯ ವೆರ್ಣಾ ಗ್ರಾಮದಲ್ಲಿ ಜನಿಸಿದವರು, ಪತ್ರಿಕೆಗಳನ್ನು ನಡೆಸಿದವರು, ಚರ್ಚಿನ ಮತ್ತು ಸರಕಾರದ ಅಧಿಕಾರಿಗಳನ್ನು ಟೀಕಿಸಿ ಇಬ್ಬರ ಕೋಪಕ್ಕೂ ಗುರಿಯಾದವರು. ಬ್ರಹ್ಮಾವರದ ಭಾಗದಲ್ಲಿ ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ, ಸಿಲೋನಿನಲ್ಲಿ ಡಾಕ್ಟರ್ ಲಿಸ್ಬೋವಾ ಪಿಂಟೊ ಅವರೊಡನೆ ನಿಂತರು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಕಥೋಲಿಕರ ದೃಷ್ಟಿಯಲ್ಲಿ ಧರ್ಮಾಧ್ಯಕ್ಷನಿಲ್ಲದೆ ಸಭೆಯಿಲ್ಲ. ಗುರುದೀಕ್ಷೆ ಕೊಡುವವನು ಅವನು. ಅವನಿಗೂ ಪ್ರೇಷಿತರ ಕಾಲದಿಂದ ಕೈಯಿಂದ ಕೈಗೆ ಹರಿದುಬಂದ ಪರಂಪರೆಯ ದೀಕ್ಷೆ ಆಗಿರಬೇಕು. ಗುರುಪರಂಪರೆಯ ಮಹತ್ತ್ವವನ್ನು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರೋಮಿನಿಂದ ದೂರ ಸರಿದವರು ಪ್ರೊಟೆಸ್ಟಂಟರ ಬಳಿಗೆ ಹೋಗಿದ್ದರೆ ಅವರ ದೃಷ್ಟಿಯಲ್ಲಿಯೇ ಆ ಪರಂಪರೆ ಕಡಿದುಹೋಗುತ್ತಿತ್ತು. ರೋಮಿಗೆ ಅಧೀನವಲ್ಲದ, ಆದರೆ ಪರಂಪರೆ ಅಖಂಡವಾಗಿರುವ ಸಭೆ ಹತ್ತಿರದಲ್ಲಿಯೇ ಇತ್ತು: ಕೇರಳದ ಮಲಂಕರ ಸಿರಿಯನ್ ಸಭೆ. ಅಂತಿಯೋಕ್ಯದ ಪಿತೃಪ್ರಧಾನರ ಅನುಮತಿಯ ಮೇರೆಗೆ 1889ರ ಜುಲೈ ತಿಂಗಳಲ್ಲಿ ಕೋಟ್ಟಯಂನಲ್ಲಿ ಆಲ್ವಾರಿಸರಿಗೆ ಮೆತ್ರಾಪೊಲಿತರ ಪಟ್ಟವಾಯಿತು. ಮಾರ್ ಜೂಲಿಯಸ್ ಎಂಬ ಹೆಸರಾಯಿತು. ದೀಕ್ಷೆ ಕೊಟ್ಟವರಲ್ಲಿ ಪರುಮಲದ ಮಾರ್ ಗ್ರಿಗೋರಿಯೋಸರೂ ಇದ್ದರು. ಗೋವೆ, ಭಾರತ ಮತ್ತು ಸಿಲೋನುಗಳ ಲ್ಯಾಟಿನ್ ಪದ್ಧತಿಯ ಅನುಯಾಯಿಗಳಿಗೆ ಅವರು ಮುಖ್ಯಸ್ಥರಾದರು. ಕಥೋಲಿಕ ಧರ್ಮಸಭೆ ಅವರನ್ನು ಬಹಿಷ್ಕರಿಸಿತು.

ಆಗ ಬ್ರಹ್ಮಾವರದ ಭಕ್ತರ ಪೂಜೆಯಲ್ಲಿ ಏನು ಬದಲಾಯಿತು? ಆರಂಭದಲ್ಲಿ ಅತ್ಯಲ್ಪ. ಅದೇ ಲ್ಯಾಟಿನ್ ಬಲಿಪೂಜೆ, ಅದೇ ಮರಿಯಮ್ಮ, ಅದೇ ಕೊಂಕಣಿ ಪ್ರಾರ್ಥನೆ, ಅವೇ ಮನೆತನದ ಹೆಸರುಗಳು. ಸಿರಿಯನ್ ಪೂಜಾಕ್ರಮ ಅಲ್ಲಿ ನೆಲೆಗೊಂಡದ್ದು ತಡವಾಗಿ. ಎರಡು ಸ್ವಭಾವವೋ ಒಂದು ಸ್ವಭಾವವೋ ಎಂಬ ಪ್ರಶ್ನೆಗಾಗಿ ಯಾರೂ ಮನೆ ಬಿಟ್ಟು ಹೊರಟವರಲ್ಲ. ಹೀಗಿದ್ದರೂ ಕಾಲ್ಸಿಡಾನನ್ನು ಒಪ್ಪದ ಸಭೆಯ ಧರ್ಮಾಧ್ಯಕ್ಷನನ್ನು ಒಪ್ಪಿದ ಕಾರಣ, 451ರ ಹಳೆಯ ಹೆಸರು 1889ರಲ್ಲಿ ಕೆನರಾದ ಗದ್ದೆಬಯಲಿನ ಜನಕ್ಕೆ ಅಂಟಿಕೊಂಡಿತು. ವಿಚ್ಛೇದವೆಂದು ಕರೆಯಬೇಕಾದುದನ್ನು ಪಾಷಂಡವೆಂದು ಕರೆಯಲು ದಾರಿಯಾಯಿತು. ಹೆಸರಿನ ಈ ಅದಲುಬದಲು ಪಂಡಿತರ ಚರ್ಚೆಗಷ್ಟೇ ಸೀಮಿತವಲ್ಲ. ಕನ್ಯೆ ತರುವಲ್ಲಿ, ಹೆಣ ಹೂಳುವ ಭೂಮಿಯಲ್ಲಿ, ಮಗುವಿನ ಸ್ನಾನದೀಕ್ಷೆಗೆ ನಿಲ್ಲುವ ದೀಕ್ಷಾಬಂಧುಗಳನ್ನು ಕರೆಯುವಲ್ಲಿ, ಒಂದೇ ಮನೆತನದ ಎರಡು ಕವಲುಗಳ ನಡುವೆ ಗೋಡೆ ಎಬ್ಬಿಸಲು ಇಂತಹ ಒಂದು ಹೆಸರು ಸಾಕು.

ಆಲ್ವಾರಿಸರ ಉತ್ತರ ಜೀವನವನ್ನು ಎರಡು ಮಾತುಗಳಲ್ಲಿ ಹೇಳಬೇಕು. ಧರ್ಮಾಧ್ಯಕ್ಷರ ಉಡುಪು ಧರಿಸಿದ್ದಕ್ಕಾಗಿ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಗೋವೆಯಲ್ಲಿ ಬಂಧಿಸಿದರು. ಅವರು ಪಣಜಿಯಲ್ಲಿ ಕುಷ್ಠರೋಗಿಗಳನ್ನೂ ಭಿಕ್ಷುಕರನ್ನೂ ಸಲಹಿದರು; ಕಾಲರಾ ಚಿಕಿತ್ಸೆಯನ್ನು ಕುರಿತು ಕಿರುಹೊತ್ತಗೆ ಬರೆದರು, ಬಡವರ ಹೊಟ್ಟೆಗಾಗಿ ಮರಗೆಣಸಿನ ಬೆಳೆಯನ್ನು ಪ್ರಚಾರ ಮಾಡಿದರು. 1923ರ ಸೆಪ್ಟೆಂಬರಿನಲ್ಲಿ ರಿಬಂದರಿನಲ್ಲಿ ತೀರಿಕೊಂಡಾಗ ಅವರು ಕಥೋಲಿಕ ಸಭೆಗೆ ಮರಳಿರಲಿಲ್ಲ. ಬ್ರಹ್ಮಾವರದಲ್ಲಿ ನೊರೊನ್ಹಾ ಅವರು 1936ರಲ್ಲಿ ನಿಧನರಾಗುವವರೆಗೆ ತಮ್ಮ ಚಿಕ್ಕ ಸಮುದಾಯವನ್ನು ಉಳಿಸಿಕೊಂಡು ಬಂದರು.

ಕಟ್ಟಾ ಕಥೋಲಿಕ ದೃಷ್ಟಿಯಿಂದಲೇ ನೋಡಿದರೂ ಈ ಪ್ರಕರಣಕ್ಕೆ ಸಲ್ಲುವ ಹೆಸರು ವಿಚ್ಛೇದ. ಆಲ್ವಾರಿಸರು ಪಡೆದ ದೀಕ್ಷೆ ಅಕ್ರಮವಾದರೂ ಸಿರಿಯನ್ ಪರಂಪರೆಯದಾದ್ದರಿಂದ ಅಸಿಂಧುವಲ್ಲ. ಆ ಸಭೆಯ ಪರಮಪ್ರಸಾದವನ್ನು ಕಥೋಲಿಕ ಧರ್ಮಸಭೆ ನಿಜವಾದ ಪರಮಪ್ರಸಾದವೆಂದೇ ಮನ್ನಿಸುತ್ತದೆ. ಅಧಿಕಾರವನ್ನು ಧಿಕ್ಕರಿಸಿದ್ದು ದೋಷವೆಂದೇ ಅವರು ಹೇಳುತ್ತಾರೆ. ಆದರೆ ಆ ದೋಷ ಹೊರಟವರದು ಮಾತ್ರವೇ? ಎರಡನೆಯ ವ್ಯಾಟಿಕನ್ ಪರಿಷತ್ತು 1964ರಲ್ಲಿ ಹೊರಡಿಸಿದ ಕ್ರೈಸ್ತೈಕ್ಯದ ಶಾಸನವು, ಹಿಂದಿನ ಒಡಕುಗಳಲ್ಲಿ ಅನೇಕ ವೇಳೆ ಎರಡೂ ಕಡೆಯವರ ತಪ್ಪಿತ್ತೆಂದೂ, ಬೇರ್ಪಟ್ಟ ಸಭೆಗಳಲ್ಲಿ ಈಗ ಹುಟ್ಟಿ ಬೆಳೆಯುವವರ ಮೇಲೆ ಬೇರ್ಪಡುವಿಕೆಯ ಪಾಪವನ್ನು ಹೊರಿಸಲಾಗದೆಂದೂ ಒಪ್ಪಿತು. ಮೊಮ್ಮಕ್ಕಳು ಅಜ್ಜನ ಜಗಳಕ್ಕೆ ಹೊಣೆಗಾರರಲ್ಲ ಎಂದಂತಾಯಿತು.

ಇನ್ನು ಕಾಲ್ಸಿಡಾನಿನ ಮಾತು. 1971ರಲ್ಲಿ ಪೋಪ್ ಆರನೆಯ ಪಾಲ್ ಹಾಗೂ ಸಿರಿಯನ್ ಆರ್ಥೊಡಾಕ್ಸ್ ಪಿತೃಪ್ರಧಾನ ಮೂರನೆಯ ಯಾಕೋಬ್ ಇವರೂ, 1984ರ ಜೂನ್ 23ರಂದು ಎರಡನೆಯ ಜಾನ್ ಪಾಲ್ ಹಾಗೂ ಪಿತೃಪ್ರಧಾನ ಝಕ್ಕಾ ಇವರೂ ಜಂಟಿ ಘೋಷಣೆಗಳನ್ನು ಹೊರಡಿಸಿದರು. ಕ್ರಿಸ್ತನನ್ನು ಕುರಿತ ನಂಬಿಕೆಯ ಸಾರದಲ್ಲಿ ಭೇದವಿಲ್ಲ. ಹಿಂದೆ ತಲೆದೋರಿದ ಒಡಕು ಪರಿಭಾಷೆಯ ಹಾಗೂ ಸಂಸ್ಕೃತಿಯ ವ್ಯತ್ಯಾಸಗಳಿಂದ ಬಂದದ್ದು ಎಂಬುದು ಎರಡನೆಯ ಘೋಷಣೆಯ ಸಾರಾಂಶ. ಬ್ರಹ್ಮಾವರದವರು ಸೇರಿರುವುದು ಕೇರಳದ ಕಥೋಲಿಕೋಸರ ಪಕ್ಷವಾದ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಗೆ. ಆ ಸಭೆಯೊಡನೆಯೂ ಕಥೋಲಿಕರ ಜಂಟಿ ಆಯೋಗ ಚರ್ಚಿಸಿ, ಕ್ರಿಸ್ತತತ್ತ್ವದ ಬಗ್ಗೆ ಒಮ್ಮತದ ಹೇಳಿಕೆಯನ್ನು ಸಿದ್ಧಪಡಿಸಿತು. ಎರಡೂ ಕಡೆಯ ಮುಖ್ಯಸ್ಥರ ಒಪ್ಪಿಗೆಯೊಡನೆ ಅದು 1990ರ ಜೂನ್ 3ರಂದು ಪ್ರಕಟವಾಯಿತು. ಒಂದೂವರೆ ಸಾವಿರ ವರ್ಷ ಪಾಷಂಡವೆನಿಸಿಕೊಂಡದ್ದು ಬಹುಪಾಲು ಭಾಷಾಂತರದ ತೊಡಕೆಂದು ಎರಡೂ ಪಕ್ಷದ ಪಂಡಿತರು ಕುಳಿತು ಒಪ್ಪಿದರು. ಶಬ್ದಾರ್ಥವನ್ನು ಸಾವಧಾನವಾಗಿ ವಿಚಾರಿಸಬೇಕೆಂದು ಬೋಧಿಸುತ್ತ ಕ್ಲಾಸಿನಲ್ಲಿ ಆಯುಷ್ಯ ಕಳೆದ ನನ್ನಂತಹವನಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ದೊರೆತಿಲ್ಲ.

ಹಾಗೆಂದು ಎಲ್ಲವೂ ಬಗೆಹರಿಯಿತೆಂದು ಭಾವಿಸುವಂತಿಲ್ಲ. 1886ರಲ್ಲಿ ಎದ್ದ ಪ್ರಶ್ನೆ, ಎಂದರೆ ಯಾರ ಅಧಿಕಾರ ಎಲ್ಲಿಯವರೆಗೆ ಎಂಬುದು, ಇದ್ದಲ್ಲಿಯೇ ಇದೆ. 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆ ಬ್ರಹ್ಮಾವರವನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಧರ್ಮಪ್ರಾಂತ್ಯವನ್ನು ರಚಿಸಿತು. 2012ರಲ್ಲಿ ಕಥೋಲಿಕರ ಉಡುಪಿ ಧರ್ಮಪ್ರಾಂತ್ಯ ರಚಿತವಾಗಿ ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯ ಅದರ ಪ್ರಧಾನಾಲಯವಾಯಿತು. ಸುವರ್ಣಾ ನದಿಯ ಎರಡು ದಡಗಳಲ್ಲಿ, ಕೆಲವೇ ಮೈಲುಗಳ ಅಂತರದಲ್ಲಿ, ಇಬ್ಬರು ಧರ್ಮಾಧ್ಯಕ್ಷರ ಪೀಠಗಳು ಈಗ ಇವೆ. ವಧೂವರರು ಒಂದೊಂದು ದಡದವರಾದರೆ ಕಥೋಲಿಕ ಪಕ್ಷದವರು ತಮ್ಮ ಧರ್ಮಾಧ್ಯಕ್ಷರ ಅನುಮತಿ ಕೇಳಬೇಕು. ಅನುಮತಿ ಪಡೆಯದೆ ಆರ್ಥೊಡಾಕ್ಸ್ ಗುರುವಿನ ಮುಂದೆ ಮದುವೆಯಾದರೂ, ಬೇರೆ ಅಡ್ಡಿಗಳಿಲ್ಲದಿದ್ದರೆ ಆ ಮದುವೆ ನಿಯಮಬಾಹಿರವೆನಿಸುವುದೇ ಹೊರತು ಅಸಿಂಧುವಾಗದೆಂದು ಸಂಹಿತೆಯ 1127ನೆಯ ವಿಧಿಯಿಂದ ತಿಳಿಯುತ್ತದೆ. ಅಂತರ್ಸಭಾ ವಿವಾಹಗಳನ್ನು ಕುರಿತು 1994ರಲ್ಲಿ ಒಂದು ವಿಶೇಷ ಒಪ್ಪಂದವಾಯಿತಾದರೂ ಅದು ಕೇರಳದಲ್ಲಿ ಪಿತೃಪ್ರಧಾನರ ಪಕ್ಷದಲ್ಲಿ ನಿಂತ ಸಭೆಯೊಡನೆ ಆದದ್ದು. ಕಥೋಲಿಕೋಸರಿಗೆ ಅಧೀನವಾದ ಬ್ರಹ್ಮಾವರಕ್ಕೆ ಅದು ಅನ್ವಯಿಸುವುದಿಲ್ಲ.